ಶಾಲೆಯ ಬಯಲಿನ ಬಿಳಿ ಪರದೆ

ಟಿ.ವಿ. ಮನೆ ಹೊಗುವ ಮುನ್ನ ಕರ್ನಾಟಕದ ಎಷ್ಟೋ ಹಳ್ಳಿಗಳಿಗೆ ಸಿನಿಮಾ ಬರುತ್ತಿದ್ದುದು ವಾರ್ತಾ ಇಲಾಖೆಯ ವ್ಯಾನಿನಲ್ಲಿ. ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿದರೆ ಸಾಕು, ಬೇಗ ಉಂಡ ಮನೆಮಂದಿಯೆಲ್ಲ ಚಾಪೆ, ಕಂಬಳಿ ಹಿಡಿದು ಹಾಜರು.

ಇದಕ್ಕೆ ದಾರಿ ಮಾಡಿದ್ದು 1923ರಲ್ಲಿ ಕೊಡಾಕ್ ತಂದ 16 ಎಂ.ಎಂ. ಫಿಲ್ಮು. ಅಂದಿನ ಟಾಕೀಸುಗಳ 35 ಎಂ.ಎಂ. ನೈಟ್ರೇಟ್ ರೀಲು ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತಿತ್ತು; ಇದು ಹಾಗಲ್ಲ. ಪ್ರೊಜೆಕ್ಟರೂ ಹಗುರ. 400 ಅಡಿಯ ರೀಲು ಓಡುತ್ತಿದ್ದುದು ಸುಮಾರು 11 ನಿಮಿಷ. ಬದಲಿಸುವಾಗ ಗದ್ದಲವೋ ಗದ್ದಲ!

ಪರದೆಯ ಮೇಲೆ ಮೊದಲು ಬರುತ್ತಿದ್ದುದು, 1948ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಫಿಲ್ಮ್ಸ್ ಡಿವಿಜನ್‌ನ ಸಾಕ್ಷ್ಯಚಿತ್ರ. ಜನ ಕಾಯುತ್ತಿದ್ದುದು ಆಮೇಲಿನ ಕಥಾಚಿತ್ರಕ್ಕೆ. ಅದು ಸರ್ಕಾರಕ್ಕೂ ಗೊತ್ತಿತ್ತೆನ್ನಿ. ಇನ್ನು ಮಕ್ಕಳಿಗೆಂದೇ ಸಿನಿಮಾ ತೆಗೆಯಲು 1955ರಲ್ಲಿ ಮಕ್ಕಳ ಚಲನಚಿತ್ರ ಸಂಸ್ಥೆ ಹುಟ್ಟಿತು. ಕೇದಾರ್ ಶರ್ಮಾರ ‘ಜಲ್‌ದೀಪ್’ ಅದರ ಮೊದಲ ಕೊಡುಗೆ.

1980ರ ದಶಕದಲ್ಲಿ ದೂರದರ್ಶನ ಹಬ್ಬುತ್ತಿದ್ದಂತೆ ವ್ಯಾನಿನ ಓಡಾಟ ತಗ್ಗಿತು.