ಮೇರಿ ಕ್ಯೂರಿಯ ಪ್ರಯೋಗ ಪುಸ್ತಕ ಮುಚ್ಚಿದ್ದ 14 ತಿಂಗಳು

ಪದವಿ ತರಗತಿಗಳಲ್ಲಿ ವಿಕಿರಣಪಟುತ್ವದ ಪಾಠ ಆರಂಭಿಸುವಾಗ ಮೇರಿ ಕ್ಯೂರಿಯ ಕಥೆ ಹೇಳುವುದು ನಮ್ಮಲ್ಲಿ ಬಹುತೇಕ ಅಧ್ಯಾಪಕರ ರೂಢಿ. ಮಳೆ ಬಂದರೆ ಸೋರುವ ಷೆಡ್ಡು, ಟನ್ನುಗಟ್ಟಲೆ ಪಿಚ್‌ಬ್ಲೆಂಡ್ ಅದಿರಿನ ಶೇಷ, ತಮ್ಮಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ಕುದಿಯುವ ದ್ರಾವಣವನ್ನು ಕಲಕುತ್ತ ನಿಂತ ಮಹಿಳೆ. ಸುಮಾರು ನಾಲ್ಕು ವರ್ಷಗಳ ಕೊನೆಗೆ, 1902ರಲ್ಲಿ, ಕೈಗೆ ಬಂದದ್ದು ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್. ನಾನೂ ಇಪ್ಪತ್ತೈದು ವರ್ಷಗಳಿಂದ ಇದನ್ನೇ ಹೇಳುತ್ತ ಬಂದವನು. 'ದಣಿವರಿಯದ ದುಡಿಮೆ' ಎಂಬ ಮಾತನ್ನು ಸೇರಿಸಲು ಒಮ್ಮೆಯೂ ಮರೆತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಈ ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ನನ್ನ ಮೇಜಿನ ಬಳಿ ಬಂದಳು. ಮೂತ್ರಪಿಂಡದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದವಳು. ತಿಂಗಳಲ್ಲಿ ಎಂಟು ಹತ್ತು ದಿನ ತರಗತಿಗೆ ಬರುತ್ತಿರಲಿಲ್ಲ. "ಸರ್, ಅವರಿಗೆ ಒಂದು ದಿನವೂ ಸುಸ್ತಾಗ್ತಿರಲಿಲ್ವಾ? ನನಗೆ ಬೆಳಿಗ್ಗೆ ಏಳುವಾಗಲೇ ಸುಸ್ತಾಗಿರುತ್ತೆ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕೀಲುಗಳ ಉರಿಯೂತಕ್ಕೆ ನಾನೇ ಆರು ವರ್ಷಗಳಿಂದ ಔಷಧ ಸೇವಿಸುತ್ತಿದ್ದೆ. ಸಹೋದ್ಯೋಗಿಗಳಿಗೆ ಅದನ್ನು ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೀಮೆಸುಣ್ಣ ಹಿಡಿಯಲೂ ಆಗದ ದಿನಗಳನ್ನು 'ಇವತ್ತು ಪ್ರಶ್ನೋತ್ತರ' ಎಂದು ಕುರ್ಚಿಯಲ್ಲಿ ಕುಳಿತು ದಾಟಿಸುತ್ತಿದ್ದೆ.

ಅಂದು ಮನೆಗೆ ಹೋಗಿ ಮೇರಿ ಕ್ಯೂರಿಯ ಜೀವನಚರಿತ್ರೆಯನ್ನು ಮತ್ತೆ ತೆರೆದೆ. ಈ ಬಾರಿ ಹುಡುಕಿದ್ದು ಆಕೆ ಕೆಲಸ ಮಾಡಿದ ದಿನಗಳನ್ನಲ್ಲ, ಮಾಡಲಾಗದ ದಿನಗಳನ್ನು.

ಮೊದಲ ವಿರಾಮ

ಮೇರಿ ಹುಟ್ಟಿದ್ದು 1867ರಲ್ಲಿ, ವಾರ್ಸಾ ನಗರದಲ್ಲಿ. ಹತ್ತು ವರ್ಷದವರಿದ್ದಾಗ, 1878ರಲ್ಲಿ, ತಾಯಿ ಕ್ಷಯದಿಂದ ತೀರಿಕೊಂಡರು. ಅದಕ್ಕೂ ಮುನ್ನ ಹಿರಿಯ ಅಕ್ಕ ಟೈಫಸ್ ಜ್ವರಕ್ಕೆ ಬಲಿಯಾಗಿದ್ದಳು. 1883ರಲ್ಲಿ ಶಾಲೆಯನ್ನು ಚಿನ್ನದ ಪದಕದೊಂದಿಗೆ ಮುಗಿಸಿದ ಹುಡುಗಿ ಅದರ ಬೆನ್ನಿಗೇ ಕುಸಿದಳು. ತಂದೆ ಆಕೆಯನ್ನು ಹಳ್ಳಿಯ ಬಂಧುಗಳ ಮನೆಗೆ ಕಳುಹಿಸಿದರು. ಬೆಳವಣಿಗೆ ಮತ್ತು ಓದಿನ ದಣಿವಿನಿಂದಾಗಿ ಸುಮಾರು ಒಂದು ವರ್ಷ ವಿಶ್ರಾಂತಿ ಪಡೆಯಬೇಕಾಯಿತೆಂದು ಮೇರಿ ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ಮುಂದೆ ಬರೆದಿದ್ದಾರೆ. ಆ ಒಂದು ವರ್ಷ ಆಕೆ ಗಣಿತವನ್ನಾಗಲಿ ಭೌತಶಾಸ್ತ್ರವನ್ನಾಗಲಿ ಅಭ್ಯಾಸ ಮಾಡಲಿಲ್ಲ. ನಡೆದಾಡಿದರು, ಕುಣಿದರು, ನಿದ್ದೆ ಮಾಡಿದರು. ಎರಡು ನೊಬೆಲ್ ಪ್ರಶಸ್ತಿಗಳ ದಾರಿಯಲ್ಲಿ ಮೊದಲು ಸಿಗುವುದು ಈ ಒಂದು ವರ್ಷದ ರಜೆ.

ಷೆಡ್ಡಿನಲ್ಲಿ ಇಬ್ಬರು ರೋಗಿಗಳು

1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಇರುವುದನ್ನು ಕ್ಯೂರಿ ದಂಪತಿ ಪ್ರಕಟಿಸಿದರು. ಮುಂದಿನ ವರ್ಷಗಳ ಕಥೆಯಲ್ಲಿ ನಾವು ಬಿಟ್ಟುಬಿಡುವ ಒಂದು ಅಂಶವಿದೆ: ಆ ಷೆಡ್ಡಿನಲ್ಲಿದ್ದ ಇಬ್ಬರೂ ಆರೋಗ್ಯವಂತರಾಗಿರಲಿಲ್ಲ. ಪಿಯರ್ ಕ್ಯೂರಿ ಅವರಿಗೆ ಕಾಲುಗಳಲ್ಲಿ ತೀವ್ರ ನೋವು. ವೈದ್ಯರು ಅದನ್ನು ಸಂಧಿವಾತವೆಂದರು. ಮೇರಿಯ ತೂಕ ಇಳಿಯುತ್ತಿತ್ತು. 1903ರ ಆಗಸ್ಟ್‌ನಲ್ಲಿ ಆಕೆಗೆ ಗರ್ಭಪಾತವಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಸ್ಟಾಕ್‌ಹೋಮಿಗೆ ಪ್ರಯಾಣ ಮಾಡುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಪಿಯರ್ ತಮ್ಮ ನೊಬೆಲ್ ಉಪನ್ಯಾಸ ನೀಡಿದ್ದು ಒಂದೂವರೆ ವರ್ಷ ತಡವಾಗಿ, 1905ರ ಜೂನ್‌ನಲ್ಲಿ.

ರೇಡಿಯಂ ಚರ್ಮವನ್ನು ಸುಡುತ್ತದೆಂದು ಅವರಿಗೆ ಗೊತ್ತಿತ್ತು. ಪಿಯರ್ ತಮ್ಮ ತೋಳಿಗೇ ರೇಡಿಯಂ ಇಟ್ಟುಕೊಂಡು, ಆದ ಗಾಯವನ್ನು ದಿನದಿನವೂ ಗಮನಿಸಿ 1901ರಲ್ಲಿ ಪ್ರಕಟಿಸಿದ್ದರು. ಆದರೆ ಚರ್ಮದ ಗಾಯಕ್ಕೂ ದೇಹದೊಳಗಿನ ದಣಿವಿಗೂ ಸಂಬಂಧವಿರಬಹುದೆಂಬ ತೀರ್ಮಾನಕ್ಕೆ ಅವರು ಬರಲಿಲ್ಲ. ಅಳತೆಯಲ್ಲಿ ಅಷ್ಟು ನಿಷ್ಠುರರಾಗಿದ್ದ ಇಬ್ಬರು ತಮ್ಮ ದೇಹವನ್ನು ಮಾತ್ರ ಅಳತೆಯ ಹೊರಗಿಟ್ಟರು.

1911: ಎಲ್ಲವೂ ಒಟ್ಟಿಗೆ

1906ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ರಸ್ತೆಯಲ್ಲಿ ಕುದುರೆಗಾಡಿಯ ಚಕ್ರಕ್ಕೆ ಸಿಕ್ಕಿ ಪಿಯರ್ ತೀರಿಕೊಂಡರು. ನವೆಂಬರ್ 5ರಂದು ಮೇರಿ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಪಿಯರ್ ಪಾಠ ನಿಲ್ಲಿಸಿದ್ದ ಜಾಗದಿಂದಲೇ ಪಾಠ ಮುಂದುವರಿಸಿದರು. ಈ ಪ್ರಸಂಗವನ್ನು ಧೈರ್ಯಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ಅದು ಧೈರ್ಯವೇ. ಆದರೆ ಅದೇ ತಿಂಗಳುಗಳಲ್ಲಿ ಆಕೆ ಸತ್ತ ಗಂಡನನ್ನು ಸಂಬೋಧಿಸಿ ಒಂದು ಖಾಸಗಿ ದಿನಚರಿ ಬರೆಯುತ್ತಿದ್ದರು ಎಂಬುದನ್ನು ಹೇಳುವುದಿಲ್ಲ. ಮನೆಯಲ್ಲಿ ಪಿಯರ್ ಹೆಸರೆತ್ತಲೂ ಆಕೆಗೆ ಆಗುತ್ತಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳಿಗೆ ಆಸರೆಯಾಗಿದ್ದ ಮಾವ ಯೂಜೀನ್ ಕ್ಯೂರಿ 1910ರಲ್ಲಿ ತೀರಿಕೊಂಡರು.

1911ರ ಜನವರಿಯಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಅತಿ ಕಡಿಮೆ ಮತಗಳ ಅಂತರದಲ್ಲಿ ಕೈತಪ್ಪಿತು. ನವೆಂಬರ್‌ನಲ್ಲಿ, ಬ್ರಸೆಲ್ಸ್‌ನ ಮೊದಲ ಸಾಲ್ವೆ ಸಮ್ಮೇಳನದ ಹೊತ್ತಿಗೆ, ಭೌತವಿಜ್ಞಾನಿ ಲಾಂಜೆವಾ ಅವರೊಂದಿಗಿನ ಸ್ನೇಹದ ಬಗ್ಗೆ ಪ್ಯಾರಿಸ್ಸಿನ ಪತ್ರಿಕೆಗಳು ನಿಂದೆಯ ಮಳೆ ಸುರಿಸಿದವು. ಅದೇ ವಾರ ಎರಡನೆಯ ನೊಬೆಲ್ ಪ್ರಶಸ್ತಿಯ ಸುದ್ದಿ ಬಂತು. ಬರದಿರುವುದೇ ಲೇಸೆಂಬ ಸೂಚನೆ ಸ್ವೀಡನ್ನಿನಿಂದ ಬಂದರೂ ಮೇರಿ ಹೋದರು. ಡಿಸೆಂಬರ್ 11ರಂದು ಉಪನ್ಯಾಸ ನೀಡಿದರು. ಹಿಂದಿರುಗಿದ ಮೇಲೆ, ಡಿಸೆಂಬರ್ 29ರಂದು, ಆಕೆಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಮೂತ್ರಪಿಂಡದ ತೀವ್ರ ಕಾಯಿಲೆ, ಜೊತೆಗೆ ಆಳವಾದ ಖಿನ್ನತೆ. 1912ರಲ್ಲಿ ಶಸ್ತ್ರಚಿಕಿತ್ಸೆಯಾಯಿತು.

ಇಲ್ಲಿಂದ ಮುಂದಿನದು ನನ್ನ ವಿದ್ಯಾರ್ಥಿನಿಗೆ ನಾನು ಹೇಳಬೇಕಾಗಿದ್ದ ಭಾಗ. 1911ರ ಅಕ್ಟೋಬರಿನಿಂದ 1912ರ ಡಿಸೆಂಬರ್ ಆರಂಭದವರೆಗೆ, ಸುಮಾರು 14 ತಿಂಗಳು, ಪ್ರಯೋಗ ಪುಸ್ತಕದಲ್ಲಿ ಆಕೆಯ ಕೈಬರಹವಿಲ್ಲ. ಆ ಅವಧಿಯಲ್ಲಿ ರೇಡಿಯಂ ವಿಜ್ಞಾನ ನಿಂತಿತೇ? ಇಲ್ಲ. 1899ರಲ್ಲಿ ಆಕ್ಟಿನಿಯಂ ಕಂಡುಹಿಡಿದಿದ್ದ ಸಹೋದ್ಯೋಗಿ ಆಂದ್ರೆ ದೆಬಿಯರ್ನ್ ಪ್ರಯೋಗಾಲಯ ನಡೆಸಿದರು. 1911ರಲ್ಲಿ ಮೇರಿ ಸಿದ್ಧಪಡಿಸಿದ್ದ, ಸುಮಾರು 22 ಮಿಲಿಗ್ರಾಮ್ ರೇಡಿಯಂ ಕ್ಲೋರೈಡಿನ ಅಂತರರಾಷ್ಟ್ರೀಯ ಮಾನಕವನ್ನು ವಿಯೆನ್ನಾದ ಮಾನಕದೊಂದಿಗೆ ಹೋಲಿಸುವ ಕೆಲಸ 1912ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲೇ ನಡೆಯಿತು. ಆಕೆ ಹಾಸಿಗೆಯಲ್ಲಿದ್ದರು, ಅವರ ಪರವಾಗಿ ದೆಬಿಯರ್ನ್ ನಿಂತರು.

ಚೇತರಿಸಿಕೊಳ್ಳುವ ಕಾಲದಲ್ಲಿ ಮೇರಿ ಕ್ಯೂರಿ ಎಂಬ ಹೆಸರನ್ನೇ ಕೆಳಗಿಟ್ಟು ಆಕೆ ತವರಿನ ಹೆಸರಿನಲ್ಲಿ ಬದುಕಿದರು. 1912ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕಡಲತೀರದ ಒಂದು ಮನೆಯಲ್ಲಿ ಆಶ್ರಯ ಕೊಟ್ಟವರು ಹರ್ತಾ ಏರ್ಟನ್. ವಿದ್ಯುತ್ ಚಾಪದ ಸಂಶೋಧನೆಗೆ ಹೆಸರಾಗಿ, 1906ರಲ್ಲಿ ರಾಯಲ್ ಸೊಸೈಟಿಯ ಹ್ಯೂಸ್ ಪದಕ ಪಡೆದಿದ್ದ ಭೌತವಿಜ್ಞಾನಿ ಅವರು. ಪತ್ರಕರ್ತರನ್ನು ದೂರವಿಟ್ಟರು, ಮೇರಿಯ ಮಕ್ಕಳನ್ನೂ ಕರೆಸಿಕೊಂಡರು. ಮೇರಿಯನ್ನು ಎಬ್ಬಿಸಿ ನಿಲ್ಲಿಸಿದ್ದು ಇಚ್ಛಾಶಕ್ತಿಯೊಂದೇ ಅಲ್ಲ; ವೈದ್ಯ, ಅಕ್ಕ, ಸಹೋದ್ಯೋಗಿ, ಗೆಳತಿ ಮತ್ತು ಕಾಲ.

ದಣಿವಿನ ವಿಜ್ಞಾನ

ಇದು ಮನೋದೌರ್ಬಲ್ಯವಲ್ಲ ಎನ್ನಲು ಇಂದು ನಮ್ಮಲ್ಲಿ ಆಧಾರಗಳಿವೆ. ದುಡಿದು ಬಂದ ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ದೀರ್ಘಕಾಲಿಕ ಕಾಯಿಲೆಯ ದಣಿವು ಹಾಗಲ್ಲ. ಮೂತ್ರಪಿಂಡ ಸೋತಾಗ ಕಲ್ಮಶಗಳು ರಕ್ತದಲ್ಲಿ ಉಳಿಯುತ್ತವೆ. ಜೊತೆಗೆ, ಕೆಂಪು ರಕ್ತಕಣಗಳ ಉತ್ಪಾದನೆಗೆ ಸೂಚನೆ ಕೊಡುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಕಡಿಮೆಯಾಗಿ ರಕ್ತಹೀನತೆ ಬರುತ್ತದೆ. ಸ್ನಾಯುಗಳಿಗೆ ತಲುಪುವ ಆಕ್ಸಿಜನ್ ಇಳಿಯುತ್ತದೆ. ಉರಿಯೂತದ ಕಾಯಿಲೆಗಳಲ್ಲಿ ಪ್ರತಿರಕ್ಷಣಾ ಕೋಶಗಳು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಇವುಗಳ ಸಂದೇಶ ಮಿದುಳನ್ನು ಮುಟ್ಟಿದಾಗ ಹಸಿವು ಕುಗ್ಗುತ್ತದೆ, ಯಾರೊಡನೆಯೂ ಮಾತು ಬೇಡವೆನಿಸುತ್ತದೆ, ಮಲಗಬೇಕೆನಿಸುತ್ತದೆ. ಫ್ಲೂ ಜ್ವರದಲ್ಲಿ ನಮಗೆಲ್ಲ ಆಗುವ ಅನುಭವ ಇದೇ. ಜ್ವರದಲ್ಲಿ ಈ ಸಂದೇಶ ಕೆಲವು ದಿನಗಳಲ್ಲಿ ನಿಲ್ಲುತ್ತದೆ. ದೀರ್ಘಕಾಲಿಕ ಉರಿಯೂತದಲ್ಲಿ ನಿಲ್ಲುವುದಿಲ್ಲ.

ದೀರ್ಘಕಾಲಿಕ ಕಾಯಿಲೆ ಇರುವವರಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು. ಸಂಬಂಧ ಎರಡೂ ದಿಕ್ಕಿನದು: ಕಾಯಿಲೆ ಖಿನ್ನತೆಯನ್ನು ಹೆಚ್ಚಿಸುತ್ತದೆ, ಖಿನ್ನತೆ ಬಂದಾಗ ಔಷಧ, ಊಟ, ನಿದ್ದೆ ತಪ್ಪಿ ಕಾಯಿಲೆ ಉಲ್ಬಣಿಸುತ್ತದೆ. ದಣಿವು, ನಿದ್ರಾಭಂಗ, ಏಕಾಗ್ರತೆಯ ಕೊರತೆ ಎರಡಕ್ಕೂ ಸಾಮಾನ್ಯ. ಹೀಗಾಗಿ ರೋಗಿ 'ಇದು ಕಾಯಿಲೆಯದೇ ಸುಸ್ತು' ಎಂದುಕೊಳ್ಳುತ್ತಾನೆ, ಮನೆಯವರು 'ಸೋಮಾರಿತನ' ಎನ್ನುತ್ತಾರೆ. ಖಿನ್ನತೆಗೆ ಚಿಕಿತ್ಸೆ ಸಿಗದೆ ಉಳಿಯುತ್ತದೆ. ಬೇಸರ, ಅಥವಾ ಹಿಂದೆ ಪ್ರಿಯವಾಗಿದ್ದುದರಲ್ಲಿ ನಿರಾಸಕ್ತಿ, ದಿನದ ಬಹುಭಾಗ ಎರಡು ವಾರಗಳ ಕಾಲ ಮುಂದುವರಿದರೆ ವೈದ್ಯರಿಗೆ ಹೇಳಲೇಬೇಕು. ಆಪ್ತಸಮಾಲೋಚನೆಗೂ ಔಷಧಕ್ಕೂ ಖಿನ್ನತೆ ಮಣಿಯುತ್ತದೆ. ಆದರೆ ಮೂಲ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ ವೈದ್ಯರ ಮುಂದಿರಬೇಕು. ರಕ್ತಹೀನತೆ, ಥೈರಾಯ್ಡ್ ದೋಷ, ಔಷಧದ ಅಡ್ಡಪರಿಣಾಮಗಳಂಥ ಸರಿಪಡಿಸಬಹುದಾದ ಕಾರಣಗಳನ್ನೂ ಪರೀಕ್ಷಿಸಬೇಕು.

ಬಣ್ಣದ ಗುರುತುಗಳು

1920ರ ಹೊತ್ತಿಗೆ ಮೇರಿಯ ಎರಡೂ ಕಣ್ಣುಗಳಿಗೆ ಪೊರೆ ಬರತೊಡಗಿತ್ತು. ಕಿವಿಯಲ್ಲಿ ನಿಲ್ಲದ ಮೊರೆತ. ಇದಕ್ಕೆ ರೇಡಿಯಂ ಕಾರಣವಿರಬಹುದೇ ಎಂದು ಅಕ್ಕನಿಗೆ ಬರೆದ ಪತ್ರದಲ್ಲಿ ಅನುಮಾನ ತೋಡಿಕೊಂಡರು, ಯಾರಿಗೂ ಹೇಳಬೇಡವೆಂದು ಕೋರಿದರು. ಕಣ್ಣಿನ ಶಸ್ತ್ರಚಿಕಿತ್ಸೆಗೆ ಬೇರೆ ಹೆಸರಿನಲ್ಲಿ ದಾಖಲಾದರು. ಪಾಠದ ಟಿಪ್ಪಣಿಗಳನ್ನು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡರು, ಉಪಕರಣಗಳ ಮುಖಫಲಕಗಳಿಗೆ ಬಣ್ಣದ ಗುರುತು ಹಾಕಿಕೊಂಡರು. 1921ರ ಅಮೆರಿಕ ಪ್ರವಾಸದಲ್ಲಿ ಬಳಲಿಕೆಯಿಂದ ಹಲವು ಕಾರ್ಯಕ್ರಮಗಳನ್ನು ಕೈಬಿಟ್ಟರು. ಕೆಲವು ಗೌರವಗಳನ್ನು ತಾಯಿಯ ಪರವಾಗಿ ಮಕ್ಕಳು ಸ್ವೀಕರಿಸಿದರು.

ಇಲ್ಲಿ ಎರಡು ಪಾಠಗಳಿವೆ. ದೊಡ್ಡ ಅಕ್ಷರ ಮತ್ತು ಬಣ್ಣದ ಗುರುತು ಅನುಕರಣೀಯ: ಶಕ್ತಿ ಕುಗ್ಗಿದಾಗ ಕೆಲಸದ ವಿಧಾನವನ್ನು ಬದಲಿಸಿಕೊಳ್ಳುವುದು ಸೋಲಲ್ಲ. ಮುಚ್ಚಿಡುವುದು ಮಾತ್ರ ಅನುಕರಣೀಯವಲ್ಲ. ಪ್ರಯೋಗಾಲಯದ ಇತರರಿಗೆ ಕಟ್ಟುನಿಟ್ಟಾಗಿ ವಿಧಿಸಿದ ಎಚ್ಚರಿಕೆಗಳನ್ನೂ ರಕ್ತಪರೀಕ್ಷೆಯನ್ನೂ ಆಕೆ ತಮ್ಮ ವಿಷಯದಲ್ಲಿ ಅಷ್ಟಾಗಿ ಪಾಲಿಸಲಿಲ್ಲವೆಂದು ಮಗಳು ಈವ್ ದಾಖಲಿಸಿದ್ದಾರೆ. 1934ರ ಜುಲೈ 4ರಂದು ಮೇರಿ ತೀರಿಕೊಂಡದ್ದು ಅಸ್ಥಿಮಜ್ಜೆ ರಕ್ತಕಣಗಳನ್ನು ತಯಾರಿಸದಂತಾಗುವ ಒಂದು ಬಗೆಯ ರಕ್ತಹೀನತೆಯಿಂದ. ಆಕೆಯ ಟಿಪ್ಪಣಿ ಪುಸ್ತಕಗಳು ಇಂದಿಗೂ ವಿಕಿರಣ ಸೂಸುತ್ತವೆ. ರೇಡಿಯಂ-226ರ ಅರ್ಧಾಯು ಸುಮಾರು 1600 ವರ್ಷ.

ನಮ್ಮ ತರಗತಿಗಳಲ್ಲಿ

ಆ ಓದಿನ ನಂತರ ನಾನೊಂದು ಸಣ್ಣ ಪ್ರಯೋಗ ಮಾಡಿದೆ. ಮೂರು ವಾರ ಕಾಲ ಗಂಟೆಗೊಮ್ಮೆ ನನ್ನ ದಣಿವಿಗೆ 0ಯಿಂದ 10ರವರೆಗೆ ಅಂಕ ಕೊಟ್ಟು ಪುಸ್ತಕದಲ್ಲಿ ಬರೆದೆ. ಒಳ್ಳೆಯ ದಿನ ಎಲ್ಲ ಬಾಕಿ ಕೆಲಸ ಮುಗಿಸುವುದು, ಮುಂದಿನ ಎರಡು ದಿನ ಮಲಗುವುದು: ಇದೇ ನನ್ನ ಕ್ರಮವಾಗಿತ್ತೆಂದು ಅಂಕಗಳು ಸ್ಪಷ್ಟವಾಗಿ ತೋರಿಸಿದವು. ಒಂದರ ಬೆನ್ನಿಗೊಂದು ನಿಂತು ಮಾಡುವ ಪಾಠಗಳೇ ಹೆಚ್ಚು ದುಬಾರಿ. ವಿಭಾಗದ ಮುಖ್ಯಸ್ಥರಿಗೆ ಕಾಯಿಲೆಯ ವಿಷಯ ಹೇಳಿದೆ. ವೇಳಾಪಟ್ಟಿಯಲ್ಲಿ ಎರಡು ಪಾಠಗಳ ನಡುವೆ ಒಂದು ಗಂಟೆ ಬಿಡುವು ಸಿಕ್ಕಿತು. ದಣಿಯುವ ಮೊದಲೇ ನಿಲ್ಲಿಸಬೇಕು, ವೈದ್ಯರು ಹೇಳಿದಷ್ಟು ಹಗುರ ವ್ಯಾಯಾಮವನ್ನು ಬಿಡಬಾರದು ಎಂಬುದನ್ನೂ ಕಲಿತೆ. ಕಾಯಿಲೆ ವಾಸಿಯಾಗಿಲ್ಲ, ಮಲಗಿ ಕಳೆಯುವ ದಿನಗಳು ಕಡಿಮೆಯಾಗಿವೆ.

ಅಧ್ಯಾಪಕ ಮಿತ್ರರು ಇನ್ನೊಂದು ಕೆಲಸ ಮಾಡಬಹುದು. ಪದೇ ಪದೇ ಗೈರಾಗುವ ವಿದ್ಯಾರ್ಥಿಯನ್ನು ಪ್ರತ್ಯೇಕವಾಗಿ ಕರೆದು, ಏಕೆ ಬರಲಿಲ್ಲ ಎಂದು ಕೇಳುವ ಬದಲು ಹೇಗಿದ್ದೀಯ ಎಂದು ಕೇಳಬಹುದು. ಬದುಕು ಸಾಕೆಂಬ ಮಾತು ಬಂದರೆ ಅದನ್ನು ಹಗುರವಾಗಿ ಕಾಣಬಾರದು. ಆ ಹೊತ್ತಿನಲ್ಲಿ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡದೆ ನೆರವು ಪಡೆಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಪ್ರಯೋಗದಲ್ಲಿ ಅಳತೆ ಸಿಗದ ಬಿಂದುವನ್ನು ನಕ್ಷೆಯಲ್ಲಿ ಖಾಲಿ ಬಿಡಬೇಕು, ಊಹಿಸಿ ತುಂಬಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಮೇರಿ ಕ್ಯೂರಿಯ ಬದುಕಿನ ಖಾಲಿ ಬಿಂದುಗಳನ್ನು ನಾವು 'ದಣಿವರಿಯದ ದುಡಿಮೆ' ಎಂಬ ಗೆರೆ ಎಳೆದು ತುಂಬಿಬಿಟ್ಟಿದ್ದೆವು. ಮರುವಾರ ತರಗತಿಯಲ್ಲಿ ಆ ಗೆರೆ ಅಳಿಸಿ, 14 ತಿಂಗಳ ಕಥೆ ಹೇಳಿದೆ. ಅಂದು ಆ ವಿದ್ಯಾರ್ಥಿನಿ ಬಂದಿರಲಿಲ್ಲ. ಅವಳ ಗೆಳತಿ ಟಿಪ್ಪಣಿ ಬರೆದುಕೊಂಡು ಹೋಗಿ ಅವಳಿಗೆ ಕೊಟ್ಟಳು.