ಪಕ್ಷದ ಚಿಹ್ನೆಯಿಲ್ಲದೆ ಗೆದ್ದವರು: 1969ರ ರಾಷ್ಟ್ರಪತಿ ಚುನಾವಣೆಯ ಕಥೆ

ಚುನಾವಣೆ ಹತ್ತಿರ ಬಂದಾಗ ಬಿ.ಸಿ. ರೋಡಿನ ಹೋಟೆಲಿನಲ್ಲಾಗಲಿ, ಬೆಳ್ತಂಗಡಿಯ ಬಸ್ ನಿಲ್ದಾಣದಲ್ಲಾಗಲಿ, ಮೂಡುಬಿದಿರೆಯ ಸಂತೆಯಲ್ಲಾಗಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಮೂರನೆಯವನಿಗೆ ಹಾಕಿದ ಓಟು ಹಾಳು." ಈ ಮಾತು ನಮ್ಮ ಮನಸ್ಸಿನಲ್ಲಿ ಎಷ್ಟು ಬೇರೂರಿದೆಯೆಂದರೆ, ನಮ್ಮ ತಾಲೂಕುಗಳ ಹಳೆಯ ಚರಿತ್ರೆಯನ್ನೇ ನಾವು ಮರೆತಿದ್ದೇವೆ. ಕಮ್ಯುನಿಸ್ಟ್ ಪಕ್ಷದ ಬಿ.ವಿ. ಕಕ್ಕಿಲ್ಲಾಯರು ಬಂಟ್ವಾಳ-ವಿಟ್ಲ ಭಾಗದಿಂದ 1970ರ ದಶಕದಲ್ಲಿ ಎರಡು ಬಾರಿ ವಿಧಾನಸಭೆಗೆ ಹೋಗಿದ್ದರು. ಮೂಡುಬಿದಿರೆಯಲ್ಲಿ ಜನತಾ ಪರಿವಾರದ ಕೆ. ಅಮರನಾಥ ಶೆಟ್ಟರು 1983ರಲ್ಲೂ 1994ರಲ್ಲೂ ಗೆದ್ದಿದ್ದರು. ಬೆಳ್ತಂಗಡಿಯ ವಸಂತ ಬಂಗೇರರಂತೂ ಬಿಜೆಪಿ, ಜನತಾದಳ, ಕಾಂಗ್ರೆಸ್ ಹೀಗೆ ಮೂರು ಪಕ್ಷಗಳಿಂದ ಒಟ್ಟು ಐದು ಬಾರಿ ಶಾಸಕರಾದವರು. ಎರಡೇ ಪಕ್ಷಗಳ ನಡುವಿನ ನೇರ ಹೋರಾಟ ಎಂಬುದು ಇಲ್ಲಿ ಅನಾದಿಯಿಂದ ಬಂದದ್ದೇನಲ್ಲ.

ಆದರೂ ಆ ಹೋಟೆಲಿನ ಮಾತಿನಲ್ಲಿ ಸತ್ಯವೇ ಇಲ್ಲವೆನ್ನಲಾಗದು. ಅಮೆರಿಕವನ್ನು ನೋಡಿ. ಅಲ್ಲಿ 1992ರಲ್ಲಿ ರಾಸ್ ಪೆರೋ ಎಂಬ ಶ್ರೀಮಂತ ಉದ್ಯಮಿ ಪಕ್ಷೇತರರಾಗಿ ಅಧ್ಯಕ್ಷ ಸ್ಥಾನಕ್ಕೆ ನಿಂತರು. ನೂರರಲ್ಲಿ ಸುಮಾರು 19 ಮತದಾರರು ಅವರಿಗೆ ಮತ ಕೊಟ್ಟರು. ಆದರೆ ಅಧ್ಯಕ್ಷರನ್ನು ಆರಿಸುವ ಚುನಾಯಕ ಮಂಡಳಿಯಲ್ಲಿ ಅವರಿಗೆ ಸಿಕ್ಕಿದ್ದು ಸೊನ್ನೆ. ಬಹುತೇಕ ರಾಜ್ಯಗಳಲ್ಲಿ ಮೊದಲ ಸ್ಥಾನ ಪಡೆದವರಿಗೇ ಆ ರಾಜ್ಯದ ಎಲ್ಲ ಮತಗಳೂ ಸೇರುವುದು ಅಲ್ಲಿನ ಪದ್ಧತಿ. 2000ದಲ್ಲಿ ಫ್ಲೋರಿಡಾ ರಾಜ್ಯವನ್ನು ಜಾರ್ಜ್ ಬುಷ್ ಗೆದ್ದದ್ದು ಕೇವಲ 537 ಮತಗಳಿಂದ. ಅದೇ ರಾಜ್ಯದಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ 97 ಸಾವಿರಕ್ಕಿಂತ ಹೆಚ್ಚು ಮತ ಪಡೆದಿದ್ದರು. ನೇಡರ್ ನಿಲ್ಲದಿದ್ದರೆ ಅಲ್ ಗೋರ್ ಅಧ್ಯಕ್ಷರಾಗುತ್ತಿದ್ದರೆಂದು ಡೆಮಾಕ್ರಟರು ಅವರನ್ನು ಬಹುಕಾಲ ದೂರಿದರು.

ಹಾಗಾದರೆ ಪಕ್ಷದ ಬಲವಿಲ್ಲದವನು ದೇಶದ ಅತ್ಯುನ್ನತ ಸ್ಥಾನಕ್ಕೆ ಏರುವುದು ಸಾಧ್ಯವೇ ಇಲ್ಲವೇ? ತರಗತಿಯಲ್ಲಿ ವಿದ್ಯಾರ್ಥಿಗಳು ಈ ಪ್ರಶ್ನೆ ಕೇಳಿದಾಗಲೆಲ್ಲ ನಾನು 1969ಕ್ಕೆ ಹೋಗುತ್ತೇನೆ.

ಅದಕ್ಕೂ ಎರಡು ವರ್ಷ ಹಿಂದಿನಿಂದ ಆರಂಭಿಸಬೇಕು. 1967ರವರೆಗೆ ರಾಷ್ಟ್ರಪತಿ ಚುನಾವಣೆ ಹೆಸರಿಗೆ ಮಾತ್ರ ಚುನಾವಣೆಯಾಗಿತ್ತು. ಕಾಂಗ್ರೆಸ್ ಹೆಸರಿಸಿದವರು ಗೆಲ್ಲುತ್ತಿದ್ದರು. ಚೌಧರಿ ಹರಿರಾಂ ಎಂಬವರು ಮತ್ತೆ ಮತ್ತೆ ಪಕ್ಷೇತರರಾಗಿ ನಿಂತು ಸೋಲುತ್ತಿದ್ದರು. 1957ರಲ್ಲಿ ಬಾಬು ರಾಜೇಂದ್ರ ಪ್ರಸಾದರಿಗೆ 4,59,698 ಮತಮೌಲ್ಯ ಬಂದರೆ ಇವರಿಗೆ 2,672. ಮೊದಲ ನಿಜವಾದ ಪೈಪೋಟಿ 1967ರದು. ಜಾಮಿಯಾ ಮಿಲ್ಲಿಯಾವನ್ನು ಬಡತನದಲ್ಲಿ ಎರಡು ದಶಕಗಳಿಗೂ ಮಿಕ್ಕಿ ನಡೆಸಿದ, ಆಮೇಲೆ ಅಲೀಗಢದ ಕುಲಪತಿಯಾಗಿದ್ದ ಡಾ. ಝಾಕಿರ್ ಹುಸೇನ್ ಕಾಂಗ್ರೆಸ್ಸಿನ ಅಭ್ಯರ್ಥಿ. ಅವರ ಎದುರು ನಿಲ್ಲಲು ಕೋಕಾ ಸುಬ್ಬರಾವ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಹುದ್ದೆಗೇ ರಾಜೀನಾಮೆ ಕೊಟ್ಟರು. ಝಾಕಿರ್ ಸಾಹೇಬರಿಗೆ 4,71,244, ಸುಬ್ಬರಾಯರಿಗೆ 3,63,971. ವಿರೋಧ ಪಕ್ಷಗಳೆಲ್ಲ ಸೇರಿದರೆ ರಾಷ್ಟ್ರಪತಿ ಭವನವೂ ದೂರವಲ್ಲ ಎಂದು ಅಂದು ಎಲ್ಲರಿಗೂ ತಿಳಿಯಿತು.

1969ರ ಮೇ 3ರಂದು ಝಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಗಿರಿಯವರು ಕನ್ನಡಿಗರಿಗೆ ಅಪರಿಚಿತರಲ್ಲ. 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಮೂಲತಃ ಕಾರ್ಮಿಕ ಸಂಘಗಳ ನಾಯಕರು. ನೆಹರೂ ಸಂಪುಟದಲ್ಲಿ ಕಾರ್ಮಿಕ ಸಚಿವರಾಗಿದ್ದಾಗ ಬ್ಯಾಂಕ್ ನೌಕರರ ತೀರ್ಪನ್ನು ಸರಕಾರ ಬದಲಿಸಿತೆಂದು 1954ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದಿದ್ದರು. ಕುರ್ಚಿ ಬಿಡುವುದು ಅವರಿಗೆ ಹೊಸತಾಗಿರಲಿಲ್ಲ.

ಮುಂದಿನ ರಾಷ್ಟ್ರಪತಿ ಯಾರೆಂಬ ಪ್ರಶ್ನೆ ಜುಲೈ ತಿಂಗಳಲ್ಲಿ ಬೆಂಗಳೂರಿಗೆ ಬಂತು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ ರಾಂ ಅವರ ಹೆಸರನ್ನು ಮುಂದಿಟ್ಟರು; ಸಂಸದೀಯ ಮಂಡಳಿಯ ಬಹುಮತ ನೀಲಂ ಸಂಜೀವ ರೆಡ್ಡಿಯವರ ಕಡೆ ವಾಲಿತು. ಪ್ರಧಾನಿಗೆ ತನ್ನ ಪಕ್ಷದಲ್ಲೇ ಸೋಲು. ಗಿರಿಯವರು ಸ್ವತಂತ್ರವಾಗಿ ಸ್ಪರ್ಧಿಸುವುದಾಗಿ ಸಾರಿದರು. ಇಂದಿರಾ ಗಾಂಧಿ ರೆಡ್ಡಿಯವರ ನಾಮಪತ್ರಕ್ಕೆ ಸ್ವತಃ ಸಹಿ ಹಾಕಿದರೆಂಬುದನ್ನು ಇಲ್ಲಿ ನೆನಪಿಡಬೇಕು.

ನಂತರದ ವಾರದಲ್ಲಿ ನಡೆದದ್ದು ನಮ್ಮ ಜಿಲ್ಲೆಗೂ ನೇರವಾಗಿ ತಟ್ಟಿತು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು. 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಟಿತು. ಅದಕ್ಕೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ. ಮರುದಿನವೇ ಅವರು ರಾಜೀನಾಮೆ ಕೊಟ್ಟು ಚುನಾವಣಾ ಕಣಕ್ಕಿಳಿದರು. ಹದಿನಾಲ್ಕರಲ್ಲಿ ಎರಡು ನಮ್ಮ ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿದವು: 1906ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕೆನರಾ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕ್. ರಾಷ್ಟ್ರೀಕರಣದಿಂದಲೇ ಹಳ್ಳಿಗೆ ಬ್ಯಾಂಕ್ ಬಂತೆಂದು ಪಠ್ಯಗಳಲ್ಲಿ ಓದುತ್ತೇವೆ. ಉತ್ತರದ ರಾಜ್ಯಗಳಿಗೆ ಆ ಮಾತು ಸರಿಯಿರಬಹುದು. ಪಿಗ್ಮಿ ಸಂಗ್ರಹಿಸಲು ದಿನಾಲೂ ಅಂಗಡಿ ಬಾಗಿಲಿಗೆ ಬರುವವರನ್ನು 1928ರಿಂದಲೇ ಕಂಡ ನಮ್ಮ ಜಿಲ್ಲೆಗೆ ಅದು ಅಷ್ಟಾಗಿ ಹೊಂದುವುದಿಲ್ಲ. (ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ 1906ರಲ್ಲಿ ಸ್ಥಾಪಿಸಿದ ಕಾರ್ಪೊರೇಶನ್ ಬ್ಯಾಂಕ್ ಆ ಪಟ್ಟಿಯಲ್ಲಿರಲಿಲ್ಲ, ಅದರ ಸರದಿ ಬಂದದ್ದು 1980ರಲ್ಲಿ. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲೂ, ಸಿಂಡಿಕೇಟ್ ಕೆನರಾದಲ್ಲೂ ವಿಲೀನವಾದವು.)

ಗಿರಿಯವರು ಸ್ಥಾನ ಬಿಟ್ಟಾಗ ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ. ಆ ಮೂವತ್ತೈದು ದಿನ ದೇಶದ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಮುಖ್ಯ ನ್ಯಾಯಾಧೀಶ ಮುಹಮ್ಮದ್ ಹಿದಾಯತುಲ್ಲಾ.

ಕಣದಲ್ಲಿ ಹದಿನೈದು ಮಂದಿ. ಲೆಕ್ಕಕ್ಕೆ ಬಂದವರು ಮೂವರು: ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ರೆಡ್ಡಿ, ಪಕ್ಷೇತರ ಗಿರಿ, ಜನಸಂಘ ಮತ್ತು ಸ್ವತಂತ್ರ ಪಕ್ಷ ಬೆಂಬಲಿಸಿದ ಸಿ.ಡಿ. ದೇಶಮುಖ್. ದೇಶಮುಖರು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ಮಾಜಿ ಹಣಕಾಸು ಸಚಿವರು. ಯಾವ ರೀತಿಯಲ್ಲೂ ಹಗುರ ವ್ಯಕ್ತಿಯಲ್ಲ. ಗಿರಿಯವರಿಗೆ ಕಮ್ಯುನಿಸ್ಟರು, ಡಿಎಂಕೆ, ಅಕಾಲಿದಳ, ಮುಸ್ಲಿಂ ಲೀಗ್ ಬೆಂಬಲ ಕೊಟ್ಟವು. ಹೀಗಾಗಿ 'ಪಕ್ಷೇತರ' ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದಲೇ ಬಳಸಬೇಕು. ಅವರಿಗೆ ಪಕ್ಷವಿರಲಿಲ್ಲ, ಆದರೆ ಪಕ್ಷಗಳಿದ್ದವು.

ಇನ್ನು ಮತ ಎಣಿಸುವ ಕ್ರಮ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಧಾನಿಸಬೇಕು, ಕಥೆಯ ಜೀವಾಳ ಇರುವುದೇ ಇಲ್ಲಿ. ಈ ಚುನಾವಣೆಯಲ್ಲಿ ಮತದಾರರು ಸಂಸದರು ಮತ್ತು ಶಾಸಕರು. ಶಾಸಕರ ಮತದ ಮೌಲ್ಯ ರಾಜ್ಯದ ಜನಸಂಖ್ಯೆಯ ಮೇಲೆ ನಿಂತಿದೆ. ಈಗ 1971ರ ಜನಗಣತಿಯ ಆಧಾರದಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131 ಮೌಲ್ಯ; ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮೂವರೂ ಸೇರಿದರೆ 393. ಮತಪತ್ರದಲ್ಲಿ ಒಬ್ಬರಿಗೆ ಗುರುತು ಹಾಕಿ ಮುಗಿಸುವುದಲ್ಲ. 1, 2, 3 ಎಂದು ತಮ್ಮ ಇಷ್ಟದ ಕ್ರಮ ಬರೆಯಬೇಕು. ಚಲಾಯಿಸಿದ ಸಿಂಧು ಮತಮೌಲ್ಯದ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬಾರದಿದ್ದರೆ ಕೊನೆಯವರನ್ನು ತೆಗೆದು, ಅವರ ಮತಪತ್ರಗಳನ್ನು ಮುಂದಿನ ಆಯ್ಕೆಯವರಿಗೆ ಹಂಚುತ್ತಾರೆ. ಅಂದರೆ ಮೂರನೆಯವನಿಗೆ ಹಾಕಿದ ಮತ ಇಲ್ಲಿ ಹಾಳಾಗುವುದಿಲ್ಲ, ಸ್ಥಳ ಬದಲಿಸುತ್ತದೆ.

ನಿಜಲಿಂಗಪ್ಪನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ದೇಶಮುಖರ ಬೆಂಬಲಿಗರ ಎರಡನೆಯ ಆಯ್ಕೆ ರೆಡ್ಡಿಯವರಿಗೆ ಬರಲೆಂದು ಅವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರೊಡನೆ ಮಾತನಾಡಿದರು. ಲೆಕ್ಕದ ದೃಷ್ಟಿಯಿಂದ ಅದು ಸರಿಯಾದ ನಡೆ, ರಾಜಕೀಯದಲ್ಲಿ ದೊಡ್ಡ ತಪ್ಪು. ಪಕ್ಷದ ಸಿದ್ಧಾಂತವನ್ನು ಮಾರಿದರೆಂದು ಇಂದಿರಾ ಬಣ ಬೊಬ್ಬೆ ಹಾಕಿತು. ಸದಸ್ಯರು ಅಂತಃಸಾಕ್ಷಿಯಂತೆ ಮತ ಹಾಕಲಿ ಎಂಬ ಕರೆ ಹೊರಟಿತು. ತಾನೇ ಸಹಿ ಹಾಕಿದ ಅಭ್ಯರ್ಥಿಯನ್ನು ಪ್ರಧಾನಿಯೇ ಕೈಬಿಟ್ಟಂತಾಯಿತು. ಅಂತಃಸಾಕ್ಷಿಗೆ ಎಷ್ಟು ಪಾಲು, ಅಧಿಕಾರದ ಹೋರಾಟಕ್ಕೆ ಎಷ್ಟು ಪಾಲು ಎಂದು ಅಳೆಯುವ ತಕ್ಕಡಿ ಇಲ್ಲ. ಎರಡನೆಯದೇ ಹೆಚ್ಚೆಂದು ನನ್ನ ಅಭಿಪ್ರಾಯ.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಒಟ್ಟು 8,36,337, ಗೆಲ್ಲಲು ಬೇಕಾದದ್ದು 4,18,169. ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಯಾರೂ ಗೆದ್ದಿಲ್ಲ! ಸಣ್ಣ ಅಭ್ಯರ್ಥಿಗಳನ್ನು ತೆಗೆದು, ಕೊನೆಗೆ ದೇಶಮುಖರ ಮತಗಳನ್ನು ಹಂಚಿದಾಗ ನಿಜಲಿಂಗಪ್ಪನವರ ಲೆಕ್ಕ ಬಹುಮಟ್ಟಿಗೆ ಫಲಿಸಿತು. ಹಂಚಿಕೆಯಲ್ಲಿ ರೆಡ್ಡಿಯವರಿಗೆ ಸುಮಾರು 92 ಸಾವಿರ ಬಂದರೆ ಗಿರಿಯವರಿಗೆ ಬಂದದ್ದು ಸುಮಾರು 18,500 ಮಾತ್ರ. ಆದರೂ ಅಂತಿಮವಾಗಿ ಗಿರಿ 4,20,077, ರೆಡ್ಡಿ 4,05,427. ನಿಗದಿತ ಗೆರೆಯನ್ನು ಗಿರಿಯವರು ದಾಟಿದ್ದು 1,908ರಿಂದ. ಅಂದಿನ ಒಬ್ಬ ಸಂಸದನ ಮತದ ಮೌಲ್ಯವೇ 576 ಆಗಿತ್ತು. ನಾಲ್ಕು ಸಂಸದರು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಅವರು ಆ ಗೆರೆಯನ್ನು ಮುಟ್ಟುತ್ತಿರಲಿಲ್ಲ. ಎರಡನೆಯ ಸುತ್ತಿನ ಎಣಿಕೆಯಿಂದ ನಿರ್ಧಾರವಾದ ರಾಷ್ಟ್ರಪತಿ ಚುನಾವಣೆ ನಮ್ಮ ದೇಶದಲ್ಲಿ ಅದೊಂದೇ.

ಪರಿಣಾಮ ಬಹಳ ದೂರ ಹೋಯಿತು. ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಲಾಯಿತು, ಕಾಂಗ್ರೆಸ್ ಹೋಳಾಯಿತು. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜೊತೆ ನಿಂತರು. ದೇವರಾಜ ಅರಸರು ಇಂದಿರಾ ಕಡೆ ಹೋದರು. 1972ರಲ್ಲಿ ಅರಸರು ಮುಖ್ಯಮಂತ್ರಿ. ಅವರ ಕಾಲದ 1974ರ ಭೂಸುಧಾರಣೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಗೇಣಿ ಒಕ್ಕಲುಗಳ ಮನೆಯಲ್ಲಿ ಏನು ಮಾಡಿತೆಂಬುದನ್ನು ಈ ಪುಟಗಳ ಓದುಗರಿಗೆ ವಿವರಿಸಬೇಕಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಅಜ್ಜಂದಿರು ಡಿಕ್ಲರೇಶನ್ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ಕೈಕಟ್ಟಿ ನಿಂತವರೇ. ಗಿರಿ ಗೆದ್ದದ್ದರಿಂದ ಭೂಮಿ ಬಂತೆಂದು ನಾನು ಹೇಳುತ್ತಿಲ್ಲ. ಆದರೆ ಆ ಆಗಸ್ಟಿನಲ್ಲಿ ಕಾಂಗ್ರೆಸ್ ಒಡೆಯುವ ಹಾದಿ ಹಿಡಿಯದಿದ್ದರೆ ಅರಸರು 1972ರಲ್ಲಿ ಆ ಕುರ್ಚಿಗೆ ಬರುತ್ತಿದ್ದರೇ ಎಂಬುದು ಸಂಶಯ.

ಗಿರಿಯವರ ಆಯ್ಕೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ರೆಡ್ಡಿಯವರ ವಿರುದ್ಧ ಹಂಚಲಾದ ಒಂದು ಕೀಳು ಕರಪತ್ರವೂ ವಿಚಾರಣೆಗೆ ಬಂತು. ಅಧಿಕಾರದಲ್ಲಿರುವ ರಾಷ್ಟ್ರಪತಿ ಸ್ವತಃ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದರು. 1970ರಲ್ಲಿ ಅರ್ಜಿಗಳು ವಜಾ ಆದವು.

ಆಮೇಲೆ ಬಾಗಿಲು ಕಿರಿದಾಗುತ್ತಾ ಬಂತು. ಆವರೆಗೆ ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕಿತ್ತು. 1974ರಲ್ಲಿ ತಲಾ ಹತ್ತು ಮಂದಿ ಬೇಕೆಂದಾಯಿತು, 1997ರಲ್ಲಿ ತಲಾ ಐವತ್ತು. ಠೇವಣಿ 15,000 ರೂಪಾಯಿ. ಗೆಲ್ಲುವ ಆಸೆಯಿಲ್ಲದೆ ಹೆಸರಿಗಾಗಿ ನಿಲ್ಲುವವರನ್ನು ತಡೆಯುವುದು ಇದರ ಉದ್ದೇಶವಾಗಿತ್ತು, ಅದು ಈಡೇರಿತು. ಆದರೆ ಐವತ್ತು ಸೂಚಕರು, ಐವತ್ತು ಅನುಮೋದಕರು ಎಂದರೆ ಯಾವುದಾದರೂ ಪಕ್ಷದ ಕೃಪೆಯಿಲ್ಲದೆ ನಾಮಪತ್ರವನ್ನೇ ಕೊಡಲಾಗದು. 1997ರಿಂದ 2022ರವರೆಗಿನ ಆರು ಚುನಾವಣೆಗಳಲ್ಲೂ ಕಣದಲ್ಲಿ ಉಳಿದವರು ಇಬ್ಬರೇ. ಮತಪತ್ರದಲ್ಲಿ ಆಯ್ಕೆಯ ಕ್ರಮ ಬರೆಯುವ ಪದ್ಧತಿ ಹಾಗೆಯೇ ಇದೆ, ಎಣಿಸಲು ಮೂರನೆಯವರಿಲ್ಲ.

ಸೋತ ಸಂಜೀವ ರೆಡ್ಡಿಯವರು 1977ರಲ್ಲಿ ಮತ್ತೆ ನಾಮಪತ್ರ ಸಲ್ಲಿಸಿದರು. ಆ ವರ್ಷ ಉಳಿದ ಎಲ್ಲರ ನಾಮಪತ್ರಗಳೂ ತಿರಸ್ಕೃತವಾದವು. ಅವರು ಅವಿರೋಧವಾಗಿ ರಾಷ್ಟ್ರಪತಿಯಾದರು.