ಹಳ್ಳಿಗೆ ಬಂದ ಪಾಠಶಾಲೆ: ದೋರ್ನಕಲ್ಲಿನ ಉಪದೇಶಿಗಳು ಕಲಿತ ಬಗೆ



ಹಳೆಯ ಹೈದರಾಬಾದ್ ಸಂಸ್ಥಾನದ ಭೂಪಟವೊಂದು ನಿಮ್ಮ ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಿಸಿ ನೋಡಿ. ಅದರ ನೈರುತ್ಯ ಮೂಲೆಯಲ್ಲಿ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ರಾಯಚೂರು ಸೀಮೆ ಇದೆ. ದೇವದುರ್ಗ, ಮಾನ್ವಿ, ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಇವೆಲ್ಲ ಆ ಎರಡು ನದಿಗಳ ನಡುವಿನ ಊರುಗಳು. ಈಗ ಭೂಪಟದ ಪೂರ್ವದ ಅಂಚಿಗೆ ಬನ್ನಿ. ವರಂಗಲ್ ದಾಟಿ ಬೆಜವಾಡದ ಕಡೆಗೆ ಹೋಗುವ ರೈಲು ದಾರಿಯಲ್ಲಿ ದೋರ್ನಕಲ್ ಎಂಬ ಊರಿದೆ. ಇಂದು ಅದು ತೆಲಂಗಾಣ ರಾಜ್ಯದಲ್ಲಿದೆ.

ಒಂದು ಕನ್ನಡದ ಸೀಮೆ, ಇನ್ನೊಂದು ತೆಲುಗಿನ ಸೀಮೆ. ಆದರೆ 1948ರ ಸೆಪ್ಟೆಂಬರ್‌ವರೆಗೆ ಎರಡನ್ನೂ ಆಳಿದವನು ಒಬ್ಬನೇ ನಿಜಾಮ. ಎರಡೂ ಕಡೆ ಸರ್ಕಾರದ ವ್ಯವಹಾರ ಉರ್ದುವಿನಲ್ಲಿ ನಡೆಯುತ್ತಿತ್ತು. ಹಳ್ಳಿಯ ಕೂಲಿಕಾರನ ಮಗ ತಾಯ್ನುಡಿಯಲ್ಲಿ ಅಕ್ಷರ ಕಲಿಯುವ ಅವಕಾಶ ಎರಡೂ ಕಡೆ ತೀರ ಕಡಿಮೆ ಇತ್ತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಈ ಹಳೆಯ ನಂಟು ನಮ್ಮ ನೆನಪಿನಿಂದ ಜಾರಿತು. ಆ ಸಂಸ್ಥಾನದ ಪೂರ್ವ ಭಾಗದಲ್ಲಿ ನಡೆದ ಒಂದು ಶಿಕ್ಷಣ ಪ್ರಯೋಗವನ್ನು ಈ ಲೇಖನ ನಿಮ್ಮ ಮುಂದಿಡುತ್ತದೆ.

ಪ್ರಶ್ನೆ ಏನಾಗಿತ್ತು?

ಮೊದಲು ಕೆಲವು ಪದಗಳನ್ನು ತಿಳಿದುಕೊಳ್ಳೋಣ. ಇಂಗ್ಲೆಂಡಿನ ಅಧಿಕೃತ ಸಭೆಯಿಂದ ಬೆಳೆದ ಕ್ರೈಸ್ತ ಸಭೆಗಳಿಗೆ ಆಂಗ್ಲಿಕನ್ ಸಭೆಗಳು ಎಂದು ಹೆಸರು. ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ ಡಯೋಸಿಸ್. ಅದರೊಳಗೆ ಒಬ್ಬೊಬ್ಬ ಪಾದ್ರಿಯ ವಶದಲ್ಲಿರುವ ಚಿಕ್ಕ ವಿಭಾಗ ಪ್ಯಾರಿಷ್. ಪಾದ್ರಿಯಾಗದೆ ಸಭೆಯ ಕೆಲಸದಲ್ಲಿ ಕೈಜೋಡಿಸುವ ಸಾಮಾನ್ಯ ಸದಸ್ಯರೂ ಇರುತ್ತಾರೆ. ಹಳ್ಳಿಯಲ್ಲಿ ಪ್ರಾರ್ಥನೆ ನಡೆಸಿ ಪಾಠ ಹೇಳುವವನನ್ನು ಕನ್ನಡದ ಕ್ರೈಸ್ತರು ಉಪದೇಶಿ ಎಂದು ಕರೆದರು.

ಇಂಗ್ಲೆಂಡಿನಲ್ಲಿ ಒಂದು ಊರಿಗೆ ಒಬ್ಬ ಪಾದ್ರಿ ಎಂಬುದು ಹಳೆಯ ಪದ್ಧತಿ. ಕೈಗಾರಿಕಾ ನಗರಗಳು ಬೆಳೆದಾಗ ಅಲ್ಲಿಯೂ ಅದು ಸಾಲದಾಯಿತು. 1866ರಲ್ಲಿ ಇಂಗ್ಲೆಂಡಿನ ಸಭೆ 'ರೀಡರ್' ಎಂಬ ಹಳೆಯ ಹುದ್ದೆಗೆ ಮತ್ತೆ ಜೀವ ಕೊಟ್ಟು ಸಾಮಾನ್ಯ ಸದಸ್ಯರನ್ನು ಆ ಕೆಲಸಕ್ಕೆ ತೆಗೆದುಕೊಂಡಿತು. ಭಾರತದ ಸ್ಥಿತಿ ಇನ್ನೂ ಕಷ್ಟದ್ದು. ಇಲ್ಲಿ ಒಬ್ಬ ಪಾದ್ರಿಯ ಕೈಕೆಳಗೆ ಹತ್ತಾರು ಹಳ್ಳಿಗಳು. ಮಳೆಗಾಲದಲ್ಲಿ ಹಳ್ಳಗಳು ತುಂಬಿ ದಾರಿ ಮುಚ್ಚಿದರೆ ವಾರಗಟ್ಟಲೆ ಆತ ಬರುವಂತಿಲ್ಲ. ಹಾಗಾದರೆ ಹಳ್ಳಿಯ ಸಭೆಯನ್ನು ನಡೆಸುವವರು ಯಾರು? ಅವರಿಗೆ ಕಲಿಸುವುದು ಎಲ್ಲಿ, ಹೇಗೆ?

ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿತ್ತು. ಊರಾಚೆಯ ಕೇರಿಯಲ್ಲಿ ಹುಟ್ಟಿದ, ಅಕ್ಷರವಿಲ್ಲದ ಕೂಲಿಕಾರನನ್ನು ನಂಬಿ ಅವನ ಕೈಗೆ ಅಧಿಕಾರ ಕೊಡಬಹುದೆ? ಚರ್ಚ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ವೆನ್ 19ನೆಯ ಶತಮಾನದ ನಡುಭಾಗದಲ್ಲಿಯೇ, ಸ್ಥಳೀಯ ಸಭೆ ತನ್ನ ಖರ್ಚನ್ನು ತಾನೇ ಹೊರಬೇಕು, ತನ್ನ ಆಡಳಿತವನ್ನು ತಾನೇ ನಡೆಸಬೇಕು, ತಾನೇ ಬೆಳೆಯಬೇಕು ಎಂದು ವಾದಿಸಿದ್ದರು. ಕಾಗದದ ಮೇಲೆ ಎಲ್ಲರೂ ಅದನ್ನು ಒಪ್ಪಿದರು. ಆದರೆ ಅಧಿಕಾರ ಬಿಟ್ಟುಕೊಡುವ ಹೊತ್ತು ಬಂದಾಗ 'ಇವರು ಇನ್ನೂ ಸಿದ್ಧರಾಗಿಲ್ಲ' ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿತ್ತು. ಸ್ವರಾಜ್ಯ ಕೇಳಿದ ಭಾರತೀಯರಿಗೆ ಬ್ರಿಟಿಷ್ ಸರ್ಕಾರ ಕೊಡುತ್ತಿದ್ದ ಉತ್ತರವೂ ಇದೇ ಎಂಬುದನ್ನು ನಿಮ್ಮ ಇತಿಹಾಸದ ಪಾಠದಲ್ಲಿ ಓದಿದ್ದೀರಿ.

ಪದವಿಯಿಲ್ಲದ ಬಿಷಪ್

ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ 1874ರ ಆಗಸ್ಟ್ 17ರಂದು ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಹಳ್ಳಿಯ ಪಾದ್ರಿ. ಅಜರಯ್ಯನವರು ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರೂ ಪದವಿ ಪಡೆಯದೆ ಹೊರಬಂದರು. ಮುಂದೆ ವೈ.ಎಂ.ಸಿ.ಎ. ಸಂಸ್ಥೆಯ ಕಾರ್ಯದರ್ಶಿಯಾಗಿ ದಕ್ಷಿಣ ಭಾರತವನ್ನು ಸುತ್ತಿದರು. 1903ರಲ್ಲಿ ತಿರುನೆಲ್ವೇಲಿಯ ಕ್ರೈಸ್ತರು ತಮ್ಮದೇ ಹಣದಿಂದ, ತಮ್ಮದೇ ಜನರಿಂದ ನಡೆಯುವ ಒಂದು ಮಿಷನರಿ ಸಂಘ ಕಟ್ಟಿದಾಗ ಅದರ ಮುಂದಾಳುಗಳಲ್ಲಿ ಅವರೂ ಒಬ್ಬರು. ಆ ಸಂಘ ತನ್ನ ಕೆಲಸಕ್ಕೆ ಆರಿಸಿಕೊಂಡದ್ದು ನಿಜಾಮನ ರಾಜ್ಯದ ತೆಲುಗು ಸೀಮೆಯನ್ನು. ತಮಿಳು ಮಾತಿನ ಅಜರಯ್ಯನವರು ಅಲ್ಲಿಗೆ ಹೋಗಿ ತೆಲುಗು ಕಲಿತರು.

1910ರಲ್ಲಿ ಎಡಿನ್‌ಬರೊದಲ್ಲಿ ನಡೆದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಅವರು ಆಡಿದ ಮಾತು ಬಹಳ ಚರ್ಚೆಯಾಯಿತು. ನೀವು ನಮಗಾಗಿ ಬಹಳ ತ್ಯಾಗ ಮಾಡಿದ್ದೀರಿ, ಆದರೆ ನಮ್ಮನ್ನು ಸ್ನೇಹಿತರಂತೆ ಸಮಾನವಾಗಿ ಕಾಣಿರಿ ಎಂಬುದು ಅದರ ಸಾರಾಂಶ. ಸಭೆಯಲ್ಲಿದ್ದ ಹಲವರಿಗೆ ಅದು ಹಿಡಿಸಲಿಲ್ಲ. ಆದರೂ ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಅವರ ಬೆಂಬಲದಿಂದ 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕಥೀಡ್ರಲ್‌ನಲ್ಲಿ ಅಜರಯ್ಯನವರಿಗೆ ಬಿಷಪ್ ದೀಕ್ಷೆಯಾಯಿತು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಅವರು. ಪದವಿಯಿಲ್ಲದ ಅವರಿಗೆ 1920ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇಷ್ಟಾದರೂ, 1945ರ ಜನವರಿ 1ರಂದು ಅವರು ತೀರಿಕೊಳ್ಳುವವರೆಗೆ ಒಂದು ಡಯೋಸಿಸ್‌ನ ಪೂರ್ಣ ಹೊಣೆ ಹೊತ್ತ ಆಂಗ್ಲಿಕನ್ ಬಿಷಪ್ಪರಲ್ಲಿ ಭಾರತೀಯರು ಅವರೊಬ್ಬರೇ. 32 ವರ್ಷಗಳಲ್ಲಿ ಇನ್ನೊಬ್ಬರಿಗೆ ಆ ಹೊಣೆ ಸಿಗಲಿಲ್ಲ.

ಕಲಿಕೆಯ ಕ್ರಮ

ದೋರ್ನಕಲ್ ಡಯೋಸಿಸ್‌ಗೆ ಸೇರಿದವರಲ್ಲಿ ಬಹುಪಾಲು ಜನ ಮಾಲ ಮತ್ತು ಮಾದಿಗ ಸಮುದಾಯಗಳ ಕೂಲಿಕಾರರು. ಅಂಥವರಿಂದ ನಾಯಕರನ್ನು ತಯಾರು ಮಾಡುವ ಕಷ್ಟವನ್ನು ನಿಮ್ಮ ಸೀಮೆಗೇ ಹೋಲಿಸಿ ನೋಡಿ. ಹಿರೇಕೊಟ್ನೆಕಲ್ಲಿನಂಥ ಊರಿನಲ್ಲಿ ಜೋಳದ ಸುಗ್ಗಿ, ಹತ್ತಿ ಬಿಡಿಸುವ ಕಾಲ ಬಂದರೆ ಮನೆಯ ಒಂದು ಆಳೂ ಬಿಡುವಾಗಿರುವುದಿಲ್ಲ. ಅಂಥ ಮನೆಯ ಗಂಡಾಳನ್ನು ನಾಲ್ಕು ವರ್ಷ ಪಟ್ಟಣದ ಕಾಲೇಜಿಗೆ ಕಳಿಸಿದರೆ ಮನೆ ಉಪವಾಸ ಬೀಳುತ್ತದೆ. ಓದಿ ಮುಗಿಸಿದವನಿಗೆ ಮರಳಿ ಹಳ್ಳಿಗೆ ಬರುವ ಮನಸ್ಸೂ ಇರುವುದಿಲ್ಲ. ಆದ್ದರಿಂದ ಕಲಿಯುವವನನ್ನು ಅವನ ಬದುಕಿನಿಂದ ಕೀಳದೆ ಕಲಿಸುವುದು ಮುಖ್ಯವಾಯಿತು.

ಹಳ್ಳಿಯ ಉಪದೇಶಿ ಎರಡು ಕೆಲಸ ಮಾಡಬೇಕಿತ್ತು. ಹಗಲು ಮಕ್ಕಳಿಗೆ ಓದು, ಬರಹ, ಲೆಕ್ಕ. ಕತ್ತಲಾದ ಮೇಲೆ, ಕೂಲಿಯಿಂದ ಮರಳಿದ ದೊಡ್ಡವರಿಗೆ ಪ್ರಾರ್ಥನೆ ಮತ್ತು ಪಾಠ. ಅವನೇ ಹೆಚ್ಚು ಓದಿದವನಲ್ಲ. ಹೀಗಾಗಿ ಕಲಿಸುತ್ತ ಕಲಿಯುವುದೇ ಅವನ ದಾರಿ. ಆಗಾಗ ಉಪದೇಶಿಗಳೆಲ್ಲ ಪಾದ್ರಿಯ ಊರಿನಲ್ಲಿ ಸೇರುತ್ತಿದ್ದರು. ಹಿಂದಿನ ಪಾಠ ಒಪ್ಪಿಸಿ, ಮುಂದೆ ಹಳ್ಳಿಯಲ್ಲಿ ಹೇಳಬೇಕಾದ ಪಾಠವನ್ನು ಹೇಳಿಸಿಕೊಂಡು ಹೋಗುತ್ತಿದ್ದರು. ಬೇಸಿಗೆಯಲ್ಲಿ ಇನ್ನೂ ದೀರ್ಘವಾದ ಶಿಬಿರ. ಅಲ್ಲಿ ಸ್ವತಃ ಬಿಷಪ್ಪರೇ ಪಾಠ ಹೇಳುತ್ತಿದ್ದರು. ಕೆಲಸದಲ್ಲಿ ತೇರ್ಗಡೆಯಾದ ಉಪದೇಶಿಗಳಲ್ಲಿ ಕೆಲವರನ್ನು ಆರಿಸಿ ದೋರ್ನಕಲ್ಲಿಗೆ ಕರೆಸಿ ಪಾದ್ರಿಗಳಾಗಲು ತರಬೇತಿ ಕೊಡಲಾಗುತ್ತಿತ್ತು. ಪಾಠ ತೆಲುಗಿನಲ್ಲಿ. ಪುಸ್ತಕಗಳಿಗಾಗಿ ದೋರ್ನಕಲ್ಲಿನಲ್ಲೇ ಮಿಷನ್ ಮುದ್ರಣಾಲಯವಿತ್ತು.

ಅಕ್ಷರ ಬಾರದವರಿಗೆ ಹಾಡೇ ಪುಸ್ತಕವಾಯಿತು. ತೆಲುಗು ಧಾಟಿಯ ಕೀರ್ತನೆಗಳನ್ನು ತಾಳ ಹಾಕಿಕೊಂಡು ಹಾಡುತ್ತ ಜನ ಕಥೆಯನ್ನೂ ನೀತಿಯನ್ನೂ ಬಾಯಿಪಾಠ ಮಾಡಿಕೊಂಡರು. ಮಾನ್ವಿ ಸೀಮೆಯ ನಿಮಗೆ ಇದು ಹೊಸದಲ್ಲ. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಕಠಿಣವಾದ ತತ್ತ್ವವನ್ನು ಕನ್ನಡದ ಹಾಡಿಗೆ ಇಳಿಸಿ ಜನರ ನಾಲಗೆಯ ಮೇಲೆ ನಿಲ್ಲಿಸಿದ್ದು ಇದೇ ಉಪಾಯದಿಂದ. ಮತ ಬೇರೆಯಾದರೂ ಕಲಿಸುವ ಜಾಣ್ಮೆ ಒಂದೇ.

ಹಣದ ಶಿಸ್ತೂ ತರಬೇತಿಯ ಭಾಗವಾಗಿತ್ತು. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿಟ್ಟು ಸಭೆಗೆ ಕೊಡುವ ಪದ್ಧತಿ ದಕ್ಷಿಣ ಭಾರತದ ಸಭೆಗಳಲ್ಲಿ ಬೆಳೆದಿತ್ತು. ಸುಗ್ಗಿಯ ಹಬ್ಬದಲ್ಲಿ ದವಸ, ಕೋಳಿ, ಕಾಯಿಪಲ್ಲೆ ತರುತ್ತಿದ್ದರು. ಬಡವನೂ ಕೊಡಬಲ್ಲ, ಕೊಟ್ಟದ್ದರ ಲೆಕ್ಕ ಕೇಳಬಲ್ಲ ಎಂಬುದು ಅಜರಯ್ಯನವರ ನಿಲುವು. ಜೀವಮಾನವೆಲ್ಲ ತೆಗೆದುಕೊಳ್ಳುವವನೆಂದೇ ಎಣಿಸಲ್ಪಟ್ಟ ಮನುಷ್ಯನಿಗೆ ಕೊಡುವವನ ಸ್ಥಾನ ಸಿಗುವುದು ಸಣ್ಣ ಮಾತಲ್ಲ.

ಉಪದೇಶಿಯ ಹೆಂಡತಿಯನ್ನು ಮರೆತರೆ ಈ ಇತಿಹಾಸ ಅರ್ಧವಾಗುತ್ತದೆ. ತರಬೇತಿಗೆ ಗಂಡನ ಜೊತೆ ಹೆಂಡತಿ ಮಕ್ಕಳೂ ಬರುತ್ತಿದ್ದರು. ಬಿಷಪ್ಪರ ಪತ್ನಿ ಅನ್ಬು ಮರಿಯಮ್ಮಾಳ್ ಅವರು ಆ ಹೆಂಗಸರಿಗೆ ಕಲಿಸುವ ಕೆಲಸದಲ್ಲಿ ತೊಡಗಿದರು. ಮರಳಿ ಹಳ್ಳಿಗೆ ಹೋದಾಗ ಕೇರಿಯ ಹೆಣ್ಣುಮಕ್ಕಳಿಗೆ ಮೊದಲ ಶಿಕ್ಷಕಿ ಈಕೆಯೇ. ಕೆಲಸ ಇಬ್ಬರದು. ಆದರೆ ಪಾದ್ರಿಯ ಹುದ್ದೆ ಆಕೆಗೆ ಮುಚ್ಚಿತ್ತು.

ಒಳಗಿನ ಗೋಡೆ, ಹೊರಗಿನ ಟೀಕೆ

ಈ ಪ್ರಯೋಗ ಎಡರಿಲ್ಲದೆ ಸಾಗಲಿಲ್ಲ. ಮಾಲರು ಮತ್ತು ಮಾದಿಗರ ನಡುವಿನ ಅಂತರ ಸಭೆಯೊಳಕ್ಕೂ ಬಂದಿತ್ತು. ಒಂದು ಸಮುದಾಯದ ಉಪದೇಶಿಯನ್ನು ಇನ್ನೊಂದು ಕೇರಿ ಒಪ್ಪುವುದು ಸುಲಭವಿರಲಿಲ್ಲ. ಜಾತಿಗೊಂದು ಸಭೆ ಮಾಡುವುದಕ್ಕೆ ಅಜರಯ್ಯನವರು ಒಪ್ಪಲಿಲ್ಲ. ಆದರೆ ಬಿಷಪ್ಪರ ಒಂದು ಆಜ್ಞೆಯಿಂದ ಬೀಳುವ ಗೋಡೆ ಅದಾಗಿರಲಿಲ್ಲ.

ಇನ್ನೊಂದು ಟೀಕೆ ಆಂಗ್ಲಿಕನ್ ಪಾದ್ರಿಯಿಂದಲೇ ಬಂತು. ಚೀನಾದಲ್ಲಿ ಕೆಲಸ ಮಾಡಿದ್ದ ರೋಲಂಡ್ ಆ್ಯಲೆನ್, ಅಜರಯ್ಯನವರು ಬಿಷಪ್ ಆದ 1912ರಲ್ಲೇ ಒಂದು ಪುಸ್ತಕ ಪ್ರಕಟಿಸಿ, ಮಿಷನರಿಗಳು ಸ್ಥಳೀಯರನ್ನು ಬಹುಕಾಲ ಕೈಹಿಡಿದು ನಡೆಸುತ್ತ ಅವರನ್ನು ಅವಲಂಬಿಗಳಾಗಿಯೇ ಉಳಿಸುತ್ತಾರೆ ಎಂದು ಹೇಳಿದರು. ತನ್ನ ದುಡಿಮೆಯಿಂದಲೇ ಬದುಕುವ ಹಳ್ಳಿಯ ಹಿರಿಯನಿಗೇ ಪೂರ್ಣ ಪಾದ್ರಿಯ ಅಧಿಕಾರ ಕೊಡಿ ಎಂಬುದು 1930ರ ಅವರ ಇನ್ನೊಂದು ಪುಸ್ತಕದ ವಾದ. ಸಂಬಳದ ಉಪದೇಶಿಯನ್ನು ನಂಬಿದ ಪದ್ಧತಿಗೆ ಇದು ನೇರವಾದ ಸವಾಲು. ಸಂಬಳ ನಿಂತರೆ ಕೆಲಸವೂ ನಿಲ್ಲುತ್ತದೆಯೆ ಎಂಬ ಆ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

ಮೂರನೆಯದು ಗಾಂಧೀಜಿಯವರ ಟೀಕೆ. 1935ರ ಅಕ್ಟೋಬರ್‌ನಲ್ಲಿ ಡಾ. ಅಂಬೇಡ್ಕರ್ ಅವರು ಯೇವಲೆಯಲ್ಲಿ, ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದ ಮೇಲೆ ಮತಾಂತರದ ಚರ್ಚೆ ಕಾವೇರಿತು. ಬಡವರೂ ಅನಕ್ಷರಸ್ಥರೂ ಆದವರು ಧರ್ಮಗಳನ್ನು ತೂಗಿ ನೋಡುವ ಸ್ಥಿತಿಯಲ್ಲಿಲ್ಲ, ಅವರ ಸಾಮೂಹಿಕ ಮತಾಂತರ ಸರಿಯಲ್ಲ ಎಂದು ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಬರೆದರು. ಈ ಜನ ತಾವೇ ಯೋಚಿಸಿ ನಿರ್ಧರಿಸುತ್ತಿದ್ದಾರೆ ಎಂಬುದು ಅಜರಯ್ಯನವರ ನಿಲುವು. ಇಬ್ಬರೂ ಅಸ್ಪೃಶ್ಯತೆಯನ್ನು ವಿರೋಧಿಸಿದವರು. ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಎಂದವರು ಅಜರಯ್ಯನವರು. ಆದರೂ ಈ ವಿಷಯದಲ್ಲಿ ಅವರಿಬ್ಬರ ದಾರಿ ಕೂಡಲಿಲ್ಲ. ಈ ವಾದದಲ್ಲಿ ನಿಮಗೆ ಯಾರು ಸರಿ ಎನಿಸಿದರೂ, ಅದರ ಕೇಂದ್ರದಲ್ಲಿದ್ದ ಪ್ರಶ್ನೆಯನ್ನು ಗುರುತಿಸಿ. ಓದು ಬಾರದ ಕೂಲಿಕಾರ ಸ್ವಂತ ವಿವೇಕದಿಂದ ನಿರ್ಧರಿಸಬಲ್ಲನೆ? ಉಪದೇಶಿಯ ತರಬೇತಿ ನಿಂತಿದ್ದು 'ಹೌದು' ಎಂಬ ಉತ್ತರದ ಮೇಲೆ.

ಸ್ವಾತಂತ್ರ್ಯದ ನಂತರ

ಬೇರೆ ಬೇರೆ ಸಭೆಗಳು ಒಂದಾಗಬೇಕೆಂದು 1919ರ ತರಂಗಂಬಾಡಿ ಸಭೆಯಿಂದಲೂ ಅಜರಯ್ಯನವರು ದುಡಿದಿದ್ದರು. ಅದು ಕೈಗೂಡಿದ್ದು ಅವರು ಹೋದ ಮೇಲೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಉದಯಿಸಿತು. ಕರ್ನಾಟಕದ ಆಂಗ್ಲಿಕನ್ ಪರಂಪರೆಯ ಅನೇಕ ಸಭೆಗಳು ಇಂದು ಸಿ.ಎಸ್.ಐ.ನೊಳಗೆ ಇವೆ. 1970ರಿಂದ ರಾಜ್ಯದಲ್ಲಿ ಅದಕ್ಕೆ ಉತ್ತರ, ಮಧ್ಯ, ದಕ್ಷಿಣ ಎಂಬ ಮೂರು ಡಯೋಸಿಸ್‌ಗಳಿವೆ. ರಾಯಚೂರಿನಲ್ಲಿ ಮೆಥೊಡಿಸ್ಟ್ ಮತ್ತು ಕ್ಯಾಥೊಲಿಕ್ ಸಭೆಗಳೂ ಇವೆ.

ಪಾದ್ರಿಗಳಾಗುವವರಿಗೆ ಬೆಂಗಳೂರಿನಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇವೆ. ಮನೆಯಲ್ಲಿದ್ದುಕೊಂಡೇ ಕಲಿಯಬೇಕಾದವರ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಅದಕ್ಕೊಂದು ಉತ್ತರ ದೂರದ ಗ್ವಾಟೆಮಾಲ ದೇಶದಿಂದ ಬಂತು. ಅಲ್ಲಿಯ ಪ್ರೆಸ್ಬಿಟೇರಿಯನ್ ಪಾಠಶಾಲೆಯೊಂದು 1963ರಲ್ಲಿ, ಹೊಲ ಬಿಟ್ಟು ಬರಲಾರದ ವಿದ್ಯಾರ್ಥಿಗಳ ಊರುಗಳ ಹತ್ತಿರಕ್ಕೆ ಶಿಕ್ಷಕರನ್ನೇ ಕಳಿಸತೊಡಗಿತು. ವಿದ್ಯಾರ್ಥಿ ಮನೆಯಲ್ಲಿ ಪಾಠ ಓದುತ್ತಾನೆ, ನಿಗದಿಯಾದ ದಿನ ಗುಂಪಿನಲ್ಲಿ ಸೇರಿ ಚರ್ಚಿಸುತ್ತಾನೆ. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಟಾಫ್ಟಿ' ಸಂಸ್ಥೆ ಭಾರತದಲ್ಲಿ ಇದೇ ಕ್ರಮವನ್ನು ಹಿಡಿಯಿತು. ಅದರ ಪಾಠ ಗುಮಾಸ್ತರಿಗೂ ಶಿಕ್ಷಕರಿಗೂ ಗೃಹಿಣಿಯರಿಗೂ ತೆರೆದಿತ್ತು.

ಮಹಿಳೆಯರ ಮಾತಿಗೆ ಬಂದರೆ, 2013ರಲ್ಲಿ ನಿಮ್ಮ ನೆರೆಯ ಆಂಧ್ರದ ನಂದ್ಯಾಲ ಡಯೋಸಿಸ್‌ಗೆ ಇ. ಪುಷ್ಪಲಲಿತಾ ಅವರು ಬಿಷಪ್ ಆದರು. ಸಿ.ಎಸ್.ಐ.ನ ಮೊದಲ ಮಹಿಳಾ ಬಿಷಪ್ ಅವರು. ಮಹಿಳೆಯೊಬ್ಬರು ಬಿಷಪ್ ಆಗಲು ದೋರ್ನಕಲ್ಲಿನ ಆರಂಭದಿಂದ ನೂರು ವರ್ಷ ಬೇಕಾಯಿತು.

ನೀವು ಮಾಡಬಹುದಾದ ಕೆಲಸ

ಸ್ವಯಂಸೇವಕರಿಗೆ ಕಲಿಸುವ ಪ್ರಶ್ನೆ ಒಂದು ಮತಕ್ಕೆ ಸೇರಿದ್ದಲ್ಲ. ನಿಮ್ಮ ಊರಿನ ಭಜನಾ ಮಂಡಳಿ, ಹಾಲಿನ ಸಹಕಾರ ಸಂಘ, ಮಹಿಳಾ ಸ್ವಸಹಾಯ ಸಂಘ, ಗ್ರಾಮ ಪಂಚಾಯಿತಿ ಎಲ್ಲವೂ ಸಂಬಳವಿಲ್ಲದ ಅಥವಾ ಅಲ್ಪ ಗೌರವಧನದ ಮುಂದಾಳುಗಳಿಂದ ನಡೆಯುತ್ತವೆ. ಇಂಥ ಒಂದು ಸಂಸ್ಥೆಯನ್ನು ಆರಿಸಿಕೊಳ್ಳಿ. ಅಲ್ಲಿಯ ಹಿರಿಯರನ್ನು ಕಂಡು, ಲೆಕ್ಕ ಬರೆಯುವುದನ್ನು ಯಾರಿಂದ ಕಲಿತಿರಿ, ಸಭೆಯಲ್ಲಿ ಮೊದಲ ಸಲ ಎದ್ದು ಮಾತಾಡಿದ್ದು ಯಾವಾಗ, ತರಬೇತಿಗೆ ಹೋದ ದಿನಗಳ ಕೂಲಿಯನ್ನು ಯಾರು ಕೊಟ್ಟರು ಎಂದು ಕೇಳಿ. ಹಳೆಯ ಹಾಜರಿ ಪುಸ್ತಕ, ಲೆಕ್ಕದ ವಹಿ, ಫೋಟೋ ಇದ್ದರೆ ಅನುಮತಿ ಪಡೆದು ನೋಡಿ. ಆ ಪುಸ್ತಕಗಳಲ್ಲಿ ಯಾವ ಕೇರಿಯ ಹೆಸರುಗಳಿವೆ, ಯಾವ ಕೇರಿಯದು ಇಲ್ಲ, ಹೆಣ್ಣುಮಕ್ಕಳ ಹೆಸರು ಯಾವ ವರ್ಷದಿಂದ ಕಾಣಿಸುತ್ತದೆ ಎಂಬುದನ್ನು ಬರೆದುಕೊಳ್ಳಿ. ಬರೆದದ್ದನ್ನು ತರಗತಿಯಲ್ಲಿ ಓದಿ, ನಿಮ್ಮ ಉಪಾಧ್ಯಾಯರೊಡನೆ ಚರ್ಚಿಸಿ.